ಬೀರುವಿನೊಳಗಿನ ಬೀರು



ಕಳೆದ ಸಲ ಹೋಳಿಗೆಯ ಹೂರಣ ತೆಳ್ಳಗಾದರೆ ಏನು ಮಾಡಬೇಕೆಂದು ಬರೆದಿದ್ದೆ. ಈ ಸಲದ ವಿಷಯ ಕೇಳಿ ನಿಮ್ಮ ಅಮ್ಮಂದಿರು ಹುಬ್ಬೇರಿಸಿಯಾರು! ಕಳೆದ ವರ್ಷ ನಮ್ಮ ಮನೆಯಲ್ಲಿ ಮರದ ಬೀರುವೊಂದು ತಯಾರಾಯಿತು. ಬಟ್ಟೆಗಲ್ಲ, ಪುಸ್ತಕಕ್ಕಲ್ಲ, ಬಾಟಲಿಗೆ. ನನ್ನ ಮಗನ ಭಾಷೆಯಲ್ಲಿ 'ಬಾರ್ ಕ್ಯಾಬಿನೆಟ್'.

ಮಗನಿಗೆ 27 ವರ್ಷ. ಕೈತುಂಬ ಸಂಬಳ ತರುತ್ತಾನೆ. ಆದರೂ ಅವನು ಈ ಮಾತೆತ್ತಿದಾಗ ನನಗೆ ಸಿಟ್ಟು ಬಂತು. ಬಿ.ಎ.ಯಲ್ಲಿ 'ಒಥೆಲೊ' ಓದಿದವಳು ನಾನು. ಇಯಾಗೊ ಕುಡಿಸಿದ ಮದ್ಯದಿಂದ ಕ್ಯಾಸಿಯೊ ತನ್ನ ಹುದ್ದೆಯನ್ನೇ ಕಳೆದುಕೊಂಡ ಕಥೆಯನ್ನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಅದನ್ನೆಲ್ಲ ಅವನಿಗೂ ಒಪ್ಪಿಸಿದೆ. ಅವನು ಮೆಲ್ಲಗೆ, "ಅಮ್ಮಾ, ಬಾಟಲಿ ಈಗಲೂ ಈ ಮನೆಯಲ್ಲೇ ಇದೆ, ನನ್ನ ಸೂಟ್‌ಕೇಸಿನಲ್ಲಿ. ಹೊರಗಿಡಲೋ, ಅಲ್ಲೇ ಇರಲೋ?" ಅಂದ. ನನ್ನ ಬಾಯಿ ಕಟ್ಟಿತು. ಒಪ್ಪಿದೆ. ಆದರೆ ಒಂದು ಷರತ್ತು ಹಾಕಿದೆ: ಬೀರುವಿಗೆ ಬಾಗಿಲಿರಬೇಕು, ಊರಿನಿಂದ ಯಾರು ಬಂದರೂ ಅದು ಮುಚ್ಚಿರಬೇಕು.

ನಮ್ಮ ಫ್ಲ್ಯಾಟಿನಲ್ಲಿ ಸೋಫಾಕ್ಕೂ ಊಟದ ಮೇಜಿಗೂ ನಡುವೆ ಇರುವ ಜಾಗ ಎಷ್ಟೆಂದು ನಿಮಗೂ ಗೊತ್ತು. ಎರಡಡಿ ಅಗಲದ ಬಾಗಿಲು ಹೊರಕ್ಕೆ ತೆರೆದರೆ ಮಂಡಿಗೆ ಬಡಿಯುವುದು ಖಂಡಿತ. ಆದ್ದರಿಂದ ಸರಿಯುವ ಬಾಗಿಲೇ ಎಂದು ತೀರ್ಮಾನವಾಯಿತು. ಬೌಬಜಾರಿನ ಪೀಠೋಪಕರಣದ ಅಂಗಡಿಗಳನ್ನೆಲ್ಲ ಸುತ್ತಿ ಬೆಲೆ ಕೇಳಿ ಬೆವರೊರೆಸಿಕೊಂಡು ಬಂದೆವು. ಕೊನೆಗೆ ಪರಿಚಯದ ಮಿಸ್ತ್ರಿಯೊಬ್ಬರನ್ನು ಮನೆಗೇ ಕರೆಸಿ, ನಿಮತಲಾದ ಮರದ ಅಡ್ಡೆಗಳಿಂದ ಬಾಗಿಲಿಗೆ ತೇಗದ ಹಲಗೆ ತಂದೆವು. ಬಂಗಾಳಿಗರು ತೇಗಕ್ಕೆ 'ಸೆಗುನ್' ಅನ್ನುತ್ತಾರೆ. ಬರ್ಮಾದ ತೇಗ ರಂಗೂನಿನಿಂದ ಹಡಗೇರಿ ಈ ಊರಿಗೆ ಬರುತ್ತಿದ್ದ ಕಾಲವೂ ಒಂದಿತ್ತು. ನಮ್ಮ ದಾಂಡೇಲಿಯ ತೇಗವನ್ನು ನೆನೆದು ನಾನು ಸ್ವಲ್ಪ ಹೊತ್ತು ಹೆಮ್ಮೆಪಟ್ಟುಕೊಂಡೆ.

ಮಗನೂ ಮಿಸ್ತ್ರಿಯ ಜೊತೆ ಕೂತು ಕೆಲಸ ಮಾಡಿದ. ಲೆಕ್ಕ ಹೇಳುತ್ತೇನೆ, ಮುಂದೆ ನಿಮಗೂ ಬೇಕಾದೀತು. ಬಾಟಲಿಗೆ ಬೇಡದಿದ್ದರೆ ಪುಸ್ತಕಕ್ಕಾದರೂ. ಹೊರ ಅಗಲ 48 ಇಂಚು. ಮುಕ್ಕಾಲು ಇಂಚಿನ ಪ್ಲೈವುಡ್ಡಿನ ಎರಡು ಪಕ್ಕಗಳನ್ನು ಕಳೆದರೆ ಒಳಗೆ 46½ ಇಂಚು. ಬಾಗಿಲು ಎರಡು, ಒಂದೊಂದೂ 24 ಇಂಚು. ಮುಚ್ಚಿದಾಗ ಒಂದರ ಮೇಲೊಂದು ಒಂದೂವರೆ ಇಂಚು ಬರುತ್ತದೆ, ಸಂದಿ ಕಾಣುವುದಿಲ್ಲ. ಬಾಗಿಲು ಓಡಾಡಲು ಕೆಳಗೆ ಕಾಲು ಇಂಚು ಆಳದ ಗ್ರೂವ್, ಮೇಲೆ ಅರ್ಧ ಇಂಚು ಆಳದ್ದು. ಮೇಲೆ ಯಾಕೆ ಹೆಚ್ಚು ಗೊತ್ತೇ? ಬಾಗಿಲನ್ನು ಮೊದಲು ಮೇಲಕ್ಕೆ ತೂರಿಸಿ, ಆಮೇಲೆ ಕೆಳಗಿನ ಗ್ರೂವಿಗೆ ಇಳಿಸಬೇಕು. ತೆಗೆಯುವಾಗಲೂ ಹಾಗೆಯೇ, ಮೇಲಕ್ಕೆತ್ತಿ ಎಳೆದರಾಯಿತು. ಗ್ರೂವಿಗೆ ಮೇಣದಬತ್ತಿ ಉಜ್ಜಿದರೆ ಬಾಗಿಲು ಬೆಣ್ಣೆಯ ಹಾಗೆ ಜಾರುತ್ತದೆ. ಬಾಟಲಿಗಳು ಸುಮಾರು ಒಂದಡಿ ಎತ್ತರವಿರುವುದರಿಂದ ಒಳಗಿನ ಖಾನೆ 14 ಇಂಚು ಇರಲಿ.

ಪಾಲಿಶ್ ವಿಷಯದಲ್ಲೂ ಎಚ್ಚರ ಬೇಕು. ಮಿಸ್ತ್ರಿಗಳು ಹಾಕುವ ಹಳೆಯ ಸ್ಪಿರಿಟ್ ಪಾಲಿಶ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಆದರೆ ಮದ್ಯದಲ್ಲಿರುವುದೂ ಆ ಜಾತಿಯ ಸ್ಪಿರಿಟ್ಟೇ ಅಲ್ಲವೇ? ಗ್ಲಾಸು ಚೆಲ್ಲಿದಲ್ಲಿ ಪಾಲಿಶ್ ಕರಗಿ ಕಲೆಯಾಗುತ್ತದೆ. ಹಾಗಾಗಿ ಮೇಲ್ಭಾಗಕ್ಕೆ ಸನ್‌ಮೈಕಾ ಹಾಕಿಸಿದೆವು.

ಇಷ್ಟೆಲ್ಲ ಮಾಡಿಯೂ ಎಡವಿದ್ದು ಒಂದೇ ಕಡೆ. ನೋಡಲು ಚೆನ್ನಾಗಿರುತ್ತದೆಂದು ಮಗ ಬಾಗಿಲಿನ ಹಲಗೆಗಳನ್ನು ಅಡ್ಡಡ್ಡ ಜೋಡಿಸಿದ್ದ. ಮಿಸ್ತ್ರಿ ಬೇಡವೆಂದರೂ ಕೇಳಲಿಲ್ಲ. ಮರ ನೀರಿನ ಪಸೆ ಹೀರಿದರೆ ನಾರಿನ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ನಾರಿಗೆ ಅಡ್ಡಲಾಗಿ ಉಬ್ಬುತ್ತದೆ. ಹಲಗೆ ಉದ್ದುದ್ದ ಇದ್ದಿದ್ದರೆ ಬಾಗಿಲು ಅಗಲದಲ್ಲಿ ಕೊಂಚ ಹೆಚ್ಚುತ್ತಿತ್ತು, ತೊಂದರೆಯಿರಲಿಲ್ಲ. ಅಡ್ಡ ಇದ್ದುದರಿಂದ ಎತ್ತರಕ್ಕೆ ಬೆಳೆಯಿತು. ಜನವರಿಯ ಒಣಹವೆಯಲ್ಲಿ ಜಾರುತ್ತಿದ್ದ ಬಾಗಿಲು ಜುಲೈನ ಮಳೆಯಲ್ಲಿ ಗ್ರೂವಿನೊಳಗೆ ಬಿಗಿದು ನಿಂತುಬಿಟ್ಟಿತು. ಅದೂ ಅರ್ಧ ತೆರೆದು!

ಅದೇ ವಾರ ಧಾರವಾಡದಿಂದ ನಮ್ಮತ್ತೆ ಬಂದರು. ಎಂಬತ್ತು ದಾಟಿದವರು. ತಂದೆ ಮಗ ಇಬ್ಬರೂ ಸೇರಿ ಎಳೆದರೂ ಬಾಗಿಲು ಕದಲಲಿಲ್ಲ. ನಾನು ಓಡಿಹೋಗಿ ಮೇಲೊಂದು ಸೀರೆ ಹೊದಿಸಿದೆ. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದವರೇ ಸೀರೆ ಸರಿಸಿ ನೋಡಿದರು. ಮೊಮ್ಮಗ ತಲೆ ತಗ್ಗಿಸಿದ.

"ಬಾಗಲಾ ಮುಚ್ಚವಲ್ದೇನಪಾ? ಇರಲಿ ಬಿಡು," ಅಂದರು. ಕುರ್ಚಿಯಲ್ಲಿ ಕೂತು ನೀರು ಕುಡಿದ ಮೇಲೆ ಮುಂದುವರಿಸಿದರು. "ನಮ್ಮಣ್ಣ ಜ್ವಾಳದ ಚೀಲದಾಗ ಇಟ್ಟು ಕುಡಿತಿದ್ದ. ಮನಿ ಮಂದಿಗೆಲ್ಲಾ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ನಲವತ್ತೆರಡಕ್ಕ ಹೋದ. ನೀ ಎಷ್ಟ ಕುಡೀತಿ, ಹೇಳು ನನಗ."

ಮಗ ಹೇಳಿದ. ಶನಿವಾರ ಎರಡು, ಕೆಲವು ಸಲ ಮೂರು. ಹೆತ್ತ ತಾಯಿಯಾಗಿ ಆ ಲೆಕ್ಕವನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ, ನೋಡಿ! ನನ್ನ ಚಿಂತೆಯೆಲ್ಲ ಬಾಗಿಲು ಮುಚ್ಚುತ್ತದೆಯೋ ಇಲ್ಲವೋ ಎಂಬುದಾಗಿತ್ತು. ಅತ್ತೆ ಬೈಯಲಿಲ್ಲ, ಹರಸಲೂ ಇಲ್ಲ. "ಮೂರು ಬ್ಯಾಡ," ಅಂದರು, ಅಷ್ಟೇ. ಈಗಲೂ ಭಾನುವಾರ ಫೋನ್ ಮಾಡಿದಾಗ ಮೊಮ್ಮಗನನ್ನು ಕರೆದು ಕೇಳುತ್ತಾರೆ. ಅವನೂ ಹೇಳುತ್ತಾನೆ.

ಮಕ್ಕಳೇ, ಕುಡಿಯಿರಿ ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಈ ರಾಜ್ಯದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಎಷ್ಟು ಕಡಿಮೆ ಕುಡಿದರೂ ಆರೋಗ್ಯಕ್ಕೆ ಅಪಾಯವಿಲ್ಲ ಎನ್ನುವಂತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ. ಕುಡಿಯದವರು ಕುಡಿಯದೆಯೇ ಇರಿ, ನಾಚಿಕೆ ಬೇಡ. ಆದರೆ ಯಾರದಾದರೂ ಸೂಟ್‌ಕೇಸಿನಲ್ಲಿ ಬಾಟಲಿ ಇದ್ದರೆ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅಮ್ಮನಿಗೆ ಹೇಳಲು ಭಯವಾದರೆ ಅಜ್ಜಿಗೆ ಹೇಳಿ. ನಾವಂದುಕೊಂಡಿರುವುದಕ್ಕಿಂತ ಅಜ್ಜಿಯಂದಿರು ಗಟ್ಟಿ.

ಪೂಜೆ ಮುಗಿದು ಹವೆ ಒಣಗಿದ ಮೇಲೆ ಮಿಸ್ತ್ರಿ ಬಂದು ಬಾಗಿಲನ್ನು ಬಿಚ್ಚಿ, ಹಲಗೆಗಳನ್ನು ಉದ್ದುದ್ದ ಜೋಡಿಸಿ ಕೊಟ್ಟರು. ಈಗ ಸಲೀಸಾಗಿ ಸರಿಯುತ್ತದೆ. ಯಾರಾದರೂ ಬಂದರೆ ಮುಚ್ಚಲು ಮಾತ್ರ ನಾನು ಓಡುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಅಡುಗೆಮನೆಗೆ ಹೋಗೋಣ. ಬರಲೇ?