ಅಜ್ಜನ ಚಾಕು ಡಬ್ಬದಲ್ಲೇ ಇರಲಿ

ಮೊನ್ನೆ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ ಪರಿಚಯದ ಮನೆಗೆ ಹೋಗಿದ್ದೆವು. ನಮ್ಮ ಕರಾವಳಿಯಿಂದ ವ್ಯಾಪಾರಕ್ಕೆ ಹೋಗಿ ಅಲ್ಲೇ ನೆಲೆಸಿದವರು. ಚಾ ಕುಡಿಯುವಾಗ ಹುಡುಗ ಬಿಸ್ಕೆಟ್ ಡಬ್ಬವೊಂದನ್ನು ತಂದು ತೆರೆದ. ಒಳಗೆ ನಾಲ್ಕು ಹಳೇ ಮಡಚುವ ಚಾಕು. ಒಂದಕ್ಕೆ ಕೊಂಬಿನ ಹಿಡಿ, ಇನ್ನೊಂದು ಹಿತ್ತಾಳೆ ಹಿಡಿಯ ರಾಂಪುರಿ. "ಉಸ್ತಾದ್, ಅಜ್ಜನದ್ದು. ಈಗ ಇಂಥದ್ದು ಸಿಗೋದೇ ಇಲ್ಲ. ಊರಿಗೆ ಬರುವಾಗಲೂ ಒಂದು ಜೇಬಲ್ಲಿರ್ತದೆ" ಅಂದ.

ಆಸೆ ತಪ್ಪಲ್ಲ. ನಮ್ಮ ಹಿರಿಯರೂ ಸೊಂಟದಲ್ಲಿ ಸಣ್ಣ ಚಾಕು ಇಟ್ಟವರೇ. ಅಡಿಕೆ ಹೋಳು ಮಾಡಬೇಕು, ಮೂಟೆಯ ಹಗ್ಗ ಕೊಯ್ಯಬೇಕು. ನೋಡಿ ಯಾರೂ ಹೆದರುತ್ತಿರಲಿಲ್ಲ. ರಾಂಪುರಿಯ ಹೆಸರನ್ನು ಕೆಡಿಸಿದ್ದು ಸಿನಿಮಾದ ವಿಲನ್‌ಗಳು. ಉತ್ತರ ಪ್ರದೇಶದ ಆ ರಾಂಪುರದಲ್ಲಿ 2023ರಲ್ಲಿ 20 ಅಡಿಯ ಚಾಕುವನ್ನೇ ಚೌಕದಲ್ಲಿ ನಿಲ್ಲಿಸಿದ್ದಾರೆ.

ಆದರೆ ಇಟ್ಟುಕೊಳ್ಳುವುದು ಬೇರೆ, ಹೊತ್ತು ತಿರುಗುವುದು ಬೇರೆ. ಆಯುಧ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ ಲೈಸೆನ್ಸ್ ಬೇಕು. ಮನೆ, ಕೃಷಿ ಕೆಲಸದ್ದಕ್ಕೆ ವಿನಾಯಿತಿ ಉಂಟು. ನಿಷೇಧಾಜ್ಞೆ ಇರುವ ದಿನ ರಾತ್ರಿ ಬಸ್ಸಿನಲ್ಲಿ ತಪಾಸಣೆ ಮಾಡುವವರು ಇಂಚುಪಟ್ಟಿ ಹಿಡಿದು ನಿಲ್ತಾರಾ? ನಮ್ಮ ಜಿಲ್ಲೆಗೆ ನಿಷೇಧಾಜ್ಞೆ ಹೊಸತೂ ಅಲ್ಲ. ಹುಡುಗನ ಹೆಸರು ಕೇಳಿದ ಮೇಲಂತೂ "ಅಜ್ಜನದ್ದು" ಎಂಬ ಮಾತು ಯಾರ ಕಿವಿಗೂ ಹೋಗದು. ಮಸೀದಿ, ಸಂತೆಗಳಲ್ಲಿ ಬಾಣ ಒಯ್ಯುವವನು ಅದರ ಮೊನೆಯನ್ನು ಹಿಡಿದುಕೊಳ್ಳಲಿ ಎಂಬ ಹದೀಸನ್ನು ಮದ್ರಸದಲ್ಲಿ ನಾವೇ ಕಲಿಸುತ್ತೇವಲ್ಲ.

ಎಣ್ಣೆ ಹಚ್ಚಿ ಮನೆಯಲ್ಲೇ ಇಡು, ಯಾವುದು ಎಲ್ಲಿಂದ ಬಂತೆಂದು ಅಜ್ಜನಲ್ಲಿ ಕೇಳಿ ಬರೆದಿಡು ಎಂದೆವು. ಹುಡುಗನ ಮುಖ ಸಪ್ಪೆಯಾಯಿತು. ಅವನ ಉಮ್ಮ ಮಾತ್ರ ಆಗಲೇ ಡಬ್ಬದ ಮುಚ್ಚಳ ಹಾಕಿಯಾಗಿತ್ತು.