ಬೂಷ್ಟೆಂದರೆ ಬರೀ ರೋಗವಲ್ಲ

ಕಳೆದ ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಾಲ್ಕು ಮೂಟೆ ತಗೊಂಡು ಹೋಗಿದ್ದೆ. ನಮ್ಮದು ಪಾವಗಡದ ಕಡೆ, ಕೆಂಪು ಮಣ್ಣಿನ ಖುಷ್ಕಿ ಜಮೀನು. ಪಕ್ಕದಲ್ಲಿ ಕೂತು ಮಾರುತ್ತಿದ್ದ ರೈತರೊಬ್ಬರು "ಈ ಸಲ ಬುಡ ಕೊಳೆತು ಅರ್ಧ ಗಿಡ ಹೋಯ್ತು. ಈ ಬೂಷ್ಟಿನ ವಂಶವೇ ನಾಶ ಆಗ್ಬೇಕು" ಅಂದರು. ನಾನೂ ಹೌದೌದು ಅಂದೆ.

ರಾತ್ರಿ ಚಾಮರಾಜಪೇಟೆಯ ತಂಗಿ ಮನೆಯಲ್ಲಿ ಈ ಮಾತು ಹೇಳಿದೆ. ಸಸ್ಯಶಾಸ್ತ್ರ ಓದುವ ತಂಗಿ ಮಗಳು "ಬೂಷ್ಟೆಲ್ಲ ನಾಶ ಆದ್ರೆ ನಿಮ್ಮ ಕಡಲೆಕಾಯಿನೂ ಸೊರಗುತ್ತೆ ಮಾವ" ಅಂದಳು. ಒಂದು ಚಿತ್ರ ತೋರಿಸಿದಳು. ಎಪಿಪೋಗಿಯಂ ಅನ್ನುವ ಆರ್ಕಿಡ್. ಮಲೆನಾಡಿನ ಸೀತಾಳೆ ದಂಡೆಯ ಕುಟುಂಬದ್ದೇ, ಪಶ್ಚಿಮ ಘಟ್ಟದಲ್ಲೂ ಇದೆ. ಅದಕ್ಕೆ ಹಸಿರು ಎಲೆಯೇ ಇಲ್ಲ! ನೆಲದೊಳಗೇ ಇದ್ದು, ಮಳೆಗಾಲದಲ್ಲಿ ಕೆಲವೇ ದಿನ ಹೂವಿನ ದಂಟು ಮೇಲೆ ಬರುತ್ತದೆ. ಸೊಪ್ಪುಸದೆ, ಕಟ್ಟಿಗೆ ಕೊಳೆಸುವ ಬೂಷ್ಟೇ ಅದಕ್ಕೆ ಅನ್ನ ಹಾಕುವುದು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಕಡಲೆ ಬೀಜದ ಹಾಗೆ ಒಳಗೆ ಬುತ್ತಿ ಇಲ್ಲ. ಬೂಷ್ಟು ಉಣಿಸಿದರೇ ಸಸಿ. ಇದನ್ನು 1899ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ನೋಯೆಲ್ ಬರ್ನಾರ್ಡ್, ಅದೂ ಎಲೆಯಿಲ್ಲದ ಒಂದು ಆರ್ಕಿಡ್‌ನಲ್ಲೇ.

ಕಡಲೆಕಾಯಿ, ರಾಗಿ, ಜೋಳ, ತೊಗರಿ ಇವಕ್ಕೆ ಎಲೆ ಇದೆ, ತಮ್ಮ ಅನ್ನ ತಾವೇ ಮಾಡಿಕೊಳ್ಳುತ್ತವೆ. ಆದರೂ ಇವುಗಳ ಬೇರಿಗೆ ಮೈಕೊರೈಜಾ ಅನ್ನುವ ಬೇರೊಂದು ಬೂಷ್ಟು ಸೇರಿಕೊಂಡಿರುತ್ತದೆ. ಬೇರು ಮುಟ್ಟದ ಕಡೆ ಅದರ ಎಳೆ ಮುಟ್ಟಿ ರಂಜಕ, ಸತು, ನೀರು ತಂದುಕೊಡುತ್ತದೆ. ಬದಲಿಗೆ ಗಿಡ ಸಕ್ಕರೆ ಕೊಡುತ್ತದೆ. ಒಂಥರಾ ಮುಯ್ಯಾಳು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ.ಜೆ. ಬಾಗ್ಯರಾಜ್ ದಶಕಗಳ ಕಾಲ ಇದರ ಮೇಲೆಯೇ ಕೆಲಸ ಮಾಡಿದ್ದಾರೆ.

ಈ ಆಳನ್ನು ಓಡಿಸಿದವರು ನಾವೇ. ರಂಜಕ ಅತಿಯಾದರೆ ಗಿಡ ಬೂಷ್ಟನ್ನು ಹತ್ತಿರ ಸೇರಿಸುವುದಿಲ್ಲ. ನಾನು ಮಣ್ಣು ಪರೀಕ್ಷೆ ಮಾಡಿಸದೆ ವರ್ಷಾವರ್ಷ ಎಕರೆಗೆ ಒಂದು ಚೀಲ ಡಿ.ಎ.ಪಿ. ಸುರಿದವನು. ಅದೂ ಸಾಲ ತಂದು! ಪದೇ ಪದೇ ಉಳುವುದರಿಂದ ಎಳೆ ಹರಿಯುತ್ತದೆ. ಹೊಲ ಬಹಳ ಕಾಲ ಬೆತ್ತಲೆ ಬಿದ್ದರೆ ಅದಕ್ಕೆ ಉಪವಾಸ.

ಈಗ ಮೈಕೊರೈಜಾ ಪೊಟ್ಟಣದಲ್ಲೂ ಸಿಗುತ್ತದೆ. ಬೇಡ ಅನ್ನೋದಿಲ್ಲ. ಆದರೆ ಹೊಲದಲ್ಲಿ ಇರೋದನ್ನು ಕೊಂದು, ಅದನ್ನೇ ಅಂಗಡಿಯಿಂದ ತರೋದು ಯಾವ ಲೆಕ್ಕ? ಬೀಜೋಪಚಾರ ಬಿಡಿ ಅಂತಲೂ ಅಲ್ಲ, ಬುಡ ಕೊಳೆಸುವ ಬೂಷ್ಟಿಗೆ ಅದು ಬೇಕೇ ಬೇಕು. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಅದು ಹೇಳಿದಷ್ಟೇ ಗೊಬ್ಬರ ಹಾಕಿ. ಅಜ್ಜನ ಕಾಲದ ಅಕ್ಕಡಿ ತೊಗರಿ ಸಾಲು ಬಿಡಬೇಡಿ. ಕಡಲೆಕಾಯಿ ಕಿತ್ತ ಮೇಲೂ ತೊಗರಿ ಬೇರು ನೆಲದಲ್ಲಿದ್ದರೆ ಬೂಷ್ಟಿಗೆ ಊಟ ತಪ್ಪುವುದಿಲ್ಲ.

ಈ ಮುಂಗಾರಿನಲ್ಲಿ ನಾನು ಹಾಗೇ ಮಾಡುತ್ತೇನೆ. ಇಳುವರಿ ಏನಾದರೂ ಆಗಲಿ, ಗೊಬ್ಬರದ ಸಾಲವಂತೂ ಇಳಿಯುತ್ತದೆ. ನಿಮ್ಮ ಹೊಲದ ಅನುಭವವನ್ನೂ ಬರೆಯಿರಿ.