ಚಾಲಕನ ನಿದ್ರೆ ಯಜಮಾನನ ಹೊಣೆ

ನಮ್ಮ ಸದ್ಭಕ್ತರಲ್ಲಿ ಅನೇಕರು ಅಕ್ಕಿ ಗಿರಣಿ, ಅಡತಿ ಅಂಗಡಿ, ಸಹಕಾರಿ ಸಂಘ, ಶಾಲೆ, ಸಣ್ಣ ಕೈಗಾರಿಕೆಗಳನ್ನು ನಡೆಸುತ್ತಿರುವವರು. ಇನ್ನನೇಕರು ಅಂತಹ ಸಂಸ್ಥೆಗಳಲ್ಲಿ ದುಡಿಯುತ್ತಿರುವವರು. ಕಾರು, ಟೆಂಪೊ, ಜೀಪುಗಳಿಲ್ಲದೆ ಇವುಗಳ ವ್ಯವಹಾರ ಒಂದು ದಿನವೂ ಸಾಗದು. ಆಯುಧಪೂಜೆಯಂದು ನಾವು ಆ ವಾಹನಗಳನ್ನು ತೊಳೆದು ಹೂಮಾಲೆ ಹಾಕುತ್ತೇವೆ. ತಪ್ಪದೆ ವಿಮೆ ಕಟ್ಟುತ್ತೇವೆ. ನಿಗದಿತ ಅವಧಿಗೆ ಎಂಜಿನ್ ಎಣ್ಣೆ ಬದಲಿಸುತ್ತೇವೆ. ಆದರೆ ಅವನ್ನು ನಡೆಸುವ ಮನುಷ್ಯ ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ರಿಸಿದ ಎಂದು ಕೇಳುವವರು ನಮ್ಮಲ್ಲಿ ವಿರಳ.

ನಾವೆಲ್ಲರೂ ಬಲ್ಲ ಒಂದು ಪ್ರಯಾಣವನ್ನು ಲೆಕ್ಕ ಹಾಕಿ ನೋಡೋಣ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ. ಕಚೇರಿಯ ಕೆಲಸವೊಂದನ್ನು ಮುಗಿಸಿ ಅಂದೇ ಮರಳಬೇಕೆಂಬುದು ಯಜಮಾನರ ಅಪೇಕ್ಷೆ. ಚಾಲಕ ನಸುಕಿನ 3 ಗಂಟೆಗೆ ಎದ್ದು, 4ಕ್ಕೆ ಹೊರಟು, 11ರ ಸುಮಾರಿಗೆ ಬೆಂಗಳೂರು ತಲುಪುತ್ತಾನೆ. ಯಜಮಾನರ ಕೆಲಸ ಮುಗಿಯುವವರೆಗೆ ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಕಾದು, ಸಂಜೆ 4ಕ್ಕೆ ಮರಳಿ ಹೊರಡುತ್ತಾನೆ. ರಾತ್ರಿ 8ರ ಹೊತ್ತಿಗೆ ದಾವಣಗೆರೆ ಸಮೀಪಿಸುವಾಗ ಅವನು ಎಚ್ಚರವಿದ್ದು 17 ಗಂಟೆಗಳಾಗಿರುತ್ತವೆ. ಮುಂದೆ ಇನ್ನೂ ಸುಮಾರು 150 ಕಿ.ಮೀ. ಉಳಿದಿದೆ. ಹಿಂದಿನ ಆಸನದಲ್ಲಿ ಯಜಮಾನರು ನಿದ್ರಿಸುತ್ತಿದ್ದಾರೆ.

17 ಗಂಟೆ ನಿದ್ರೆಯಿಲ್ಲದ ದೇಹದ ಸ್ಥಿತಿಯನ್ನು ವೈದ್ಯವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಆಗ ಮನುಷ್ಯನ ಗ್ರಹಿಕೆ ಹಾಗೂ ಪ್ರತಿಕ್ರಿಯೆಯ ವೇಗವು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯವಿದ್ದಾಗ ಆಗುವಷ್ಟೇ ಕುಂದಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಪ್ರಕಾರ 30 ಮಿ.ಗ್ರಾಂ. ಮೀರಿದರೆ ಅದು ಜೈಲುಶಿಕ್ಷೆಗೆ ಅರ್ಹವಾದ ಅಪರಾಧ. ಕುಡಿದ ಚಾಲಕನನ್ನು ಅಂದೇ ಮನೆಗೆ ಕಳುಹಿಸುವ ನಾವು, ಅದಕ್ಕಿಂತ ಕಡಿಮೆಯಲ್ಲದ ಅಪಾಯದಲ್ಲಿರುವ ದಣಿದ ಚಾಲಕನಿಗೆ ‘ಇನ್ನೇನು, ಊರು ಬಂದೇ ಬಿಟ್ಟಿತು’ ಎಂದು ಹೇಳಿ ಮುಂದೆ ಸಾಗಿಸುತ್ತೇವೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಚಾಲಕನ ಕಣ್ಣು ನಾಲ್ಕು ಸೆಕೆಂಡು ಮುಚ್ಚಿದರೆ, ಅಷ್ಟರಲ್ಲಿ ಆ ವಾಹನವು ಸುಮಾರು 90 ಮೀಟರ್ ದೂರವನ್ನು ನೋಡುವವರಿಲ್ಲದೆ ಓಡಿರುತ್ತದೆ.

2022ನೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಅಸುನೀಗಿದರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಸೀಟ್ ಬೆಲ್ಟ್ ಧರಿಸದೆ ಸತ್ತವರು ಅವರಲ್ಲಿ 16,715. ಇವರಲ್ಲಿ ಅರ್ಧದಷ್ಟು ಜನ ಚಾಲಕರಲ್ಲ, ಪ್ರಯಾಣಿಕರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಾಲಘರ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡಾಗ ಅವರು ಹಿಂದಿನ ಆಸನದಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದರು. ಹಿಂದೆ ಕೂತವರಿಗೆ ಬೆಲ್ಟ್ ಬೇಡವೆಂಬ ನಮ್ಮ ನಂಬಿಕೆಗೆ ಆಧಾರವಿಲ್ಲ. ಕಾನೂನೂ ಅದನ್ನು ಒಪ್ಪುವುದಿಲ್ಲ.

ಸಂಸ್ಥೆಗಳು ಸುರಕ್ಷತೆಯ ನಿಯಮವೆಂದು ಗೋಡೆಗೆ ಅಂಟಿಸುವ ಹಾಳೆಗಳಲ್ಲಿ ‘ಚಾಲಕರು ನಿಧಾನವಾಗಿ ಚಲಿಸಬೇಕು, ಮೊಬೈಲ್ ಬಳಸಬಾರದು’ ಎಂಬ ಆದೇಶಗಳಿರುತ್ತವೆ. ಇವು ಸರಿಯೇ. ಆದರೆ ಚಾಲನೆಯಲ್ಲಿರುವವನಿಗೆ ‘ಎಲ್ಲಿದ್ದೀಯಪ್ಪಾ?’ ಎಂದು ಮತ್ತೆ ಮತ್ತೆ ಕರೆ ಮಾಡುವವರು ಯಾರು? ‘ಬೇಗ ಬಾ’ ಎನ್ನುವವರು ಯಾರು? ಕರೆ ಸ್ವೀಕರಿಸಿದ ಚಾಲಕ ದಂಡ ತೆರುತ್ತಾನೆ. ಕರೆ ಮಾಡಿದ ನಾವು ತೆರುವುದಿಲ್ಲ. ಆದ್ದರಿಂದ ನಿಯಮವು ಮೊದಲು ಆಜ್ಞೆ ಮಾಡುವವರನ್ನು ಕಟ್ಟಬೇಕು, ಅನಂತರ ಚಾಲಕನನ್ನು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಅಂತಹ ನಿಯಮಕ್ಕೆ ದೊಡ್ಡ ಕಂಪನಿಯೇ ಆಗಬೇಕಿಲ್ಲ. ಒಂದೇ ವಾಹನವುಳ್ಳ ಅಂಗಡಿಗೂ ಅದು ಸಾಧ್ಯ. ಮೋಟಾರು ಸಾರಿಗೆ ಕಾರ್ಮಿಕರಿಗಾಗಿ 1961ರಲ್ಲೇ ಬಂದ ಕಾಯ್ದೆಯು ದಿನಕ್ಕೆ 8 ಗಂಟೆಯ ದುಡಿಮೆ, 5 ಗಂಟೆಗಳ ಬಳಿಕ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಎಂಬ ಮಿತಿಯನ್ನು ಹಾಕಿತ್ತು. ಆ ಮಿತಿಯನ್ನು ನಾವು ಸ್ವಇಚ್ಛೆಯಿಂದ ಪಾಲಿಸೋಣ. ಮಧ್ಯರಾತ್ರಿಯ ನಂತರ ಬೆಳಗಿನ 6ರವರೆಗೆ ದೇಹ ಸಹಜವಾಗಿಯೇ ನಿದ್ರೆಯನ್ನು ಬೇಡುತ್ತದೆ. ಆ ಹೊತ್ತಿನಲ್ಲಿ ತೀರಾ ಅನಿವಾರ್ಯವಲ್ಲದ ಪ್ರಯಾಣ ಬೇಡ. ದೂರದ ಊರಿನಲ್ಲಿ ತಂಗಿದಾಗ ಯಜಮಾನರಿಗೆ ಕೊಠಡಿ, ಚಾಲಕನಿಗೆ ಸೊಳ್ಳೆ ಕಡಿತದ ನಡುವೆ ವಾಹನದ ಆಸನವೇ ಹಾಸಿಗೆ ಎಂಬ ಪದ್ಧತಿ ನಿಲ್ಲಲಿ. ಮರುದಿನ ನಮ್ಮ ಜೀವ ಅವನ ಕೈಯಲ್ಲಿರುತ್ತದೆ.

ಆರೋಗ್ಯದ ವಿಷಯ ಇನ್ನೂ ಸೂಕ್ಷ್ಮವಾದುದು. ಕಣ್ಣಿನ ದೃಷ್ಟಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯನ್ನು ವರ್ಷಕ್ಕೊಮ್ಮೆ ಸಂಸ್ಥೆಯೇ ಮಾಡಿಸಬೇಕು. ಸಕ್ಕರೆ ಕಾಯಿಲೆಗೆ ಔಷಧ ಪಡೆಯುವವನು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಇಳಿದು, ಚಕ್ರದ ಮುಂದೆಯೇ ಕಣ್ಣು ಕತ್ತಲಿಟ್ಟೀತು. ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ಕಟ್ಟಿ ಎಚ್ಚರಗೊಳ್ಳುವವನಿಗೆ ಎಂಟು ಗಂಟೆ ಮಲಗಿದರೂ ನಿದ್ರೆ ತುಂಬಿರುವುದಿಲ್ಲ. ನೆಗಡಿಗೆ ನುಂಗುವ ಕೆಲವು ಮಾತ್ರೆಗಳೂ ತೂಕಡಿಕೆ ತರುತ್ತವೆ. ಇವನ್ನೆಲ್ಲ ಚಾಲಕ ತಾನಾಗಿ ಹೇಳಬೇಕಾದರೆ, ಹೇಳಿದ ಮಾತ್ರಕ್ಕೆ ಕೆಲಸ ಹೋಗದೆಂಬ ಭರವಸೆ ಅವನಿಗಿರಬೇಕು. ಕೆಲಸ ಹೋದೀತೆಂಬ ಭಯವಿರುವಲ್ಲಿ ಕಾಯಿಲೆ ಮುಚ್ಚಿಡಲ್ಪಡುತ್ತದೆ. ‘ಇಂದು ನನ್ನಿಂದಾಗದು’ ಎಂದವನ ಅಂದಿನ ಕೂಲಿಯನ್ನೂ ಭತ್ಯೆಯನ್ನೂ ಕಡಿಯಬಾರದು. ಟ್ರಿಪ್ಪಿನ ಲೆಕ್ಕದಲ್ಲಿ ಹಣ ಕೊಡುವ ಕಡೆ, ಬಾಯಲ್ಲಿ ನಿಧಾನವನ್ನು ಬೋಧಿಸುತ್ತಾ ಕೈಯಲ್ಲಿ ವೇಗಕ್ಕೆ ಬೆಲೆ ಕೊಟ್ಟಂತಾಗುತ್ತದೆ.

‘ಇದರಿಂದ ಖರ್ಚು ಹೆಚ್ಚುವುದಿಲ್ಲವೇ?’ ಎಂದು ಕೆಲವರು ಕೇಳಬಹುದು. ಹೆಚ್ಚುತ್ತದೆ. ಒಂದು ರಾತ್ರಿಯ ಕೊಠಡಿ, ಕೆಲವೊಮ್ಮೆ ಎರಡನೆಯ ಚಾಲಕ, ತಪಾಸಣೆಯ ಶುಲ್ಕ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಇತ್ತ ವೇಗದಿಂದ ದೊರೆಯುವ ಲಾಭವೆಷ್ಟು? 100 ಕಿ.ಮೀ. ದಾರಿಯನ್ನು 60ರ ಬದಲು 80ರ ವೇಗದಲ್ಲಿ ಕ್ರಮಿಸಿದರೆ ಉಳಿಯುವುದು 25 ನಿಮಿಷ. ಡಿಕ್ಕಿಯಾದರೆ ಹೊಡೆತದ ಶಕ್ತಿ ಮಾತ್ರ ಮುಕ್ಕಾಲು ಪಾಲಿಗಿಂತ ಹೆಚ್ಚುತ್ತದೆ. ಅಪಘಾತವಾದ ಮೇಲೆ ವಿಮಾ ಕಂಪನಿ ಹಣ ಕೊಟ್ಟೀತು. ಚಾಲಕನ ಮನೆಯಲ್ಲಿ ಬಾಗಿಲ ಕಡೆ ನೋಡುತ್ತಾ ಎಚ್ಚರವಿರುವ ಹೆಂಡತಿಗೆ, ಮಕ್ಕಳಿಗೆ ಅದು ಏನನ್ನು ಮರಳಿಸೀತು?

ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಾವು ನಂಬಿದವರು. ಹಾಗಾದರೆ ಚಕ್ರ ಹಿಡಿದವನ ವಿಶ್ರಾಂತಿ ಹಿಂದೆ ಕೂತವನ ವಿಶ್ರಾಂತಿಗಿಂತ ಕೀಳಾಗಲಾರದು. ಮುಂದಿನ ಪ್ರಯಾಣಕ್ಕೆ ಮೊದಲು ಟೈರಿನ ಗಾಳಿ ನೋಡುವ ನಾವು, ಚಾಲಕನ ಮುಖವನ್ನೂ ಒಮ್ಮೆ ನೋಡಿ, ‘ನಿದ್ದೆ ಆಯಿತೇನಪ್ಪಾ? ಊಟ ಆಯಿತೇ?’ ಎಂದು ವಿಚಾರಿಸೋಣ. ಇಲ್ಲವೆಂದರೆ ಹೊರಡುವುದನ್ನು ಮುಂದೂಡೋಣ.